ಲಂಡನ್ನಿನ ನಾಲೆ ಏರಿ ಮೇಲೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಮಗಳ ಮನೇಲಿದ್ದಾಗ ಲಂಡನ್ನಿನ ರೀಜೆಂಟ್ಸ್ ಕಾಲುವೆ ಪಕ್ಕ ವಾರಕ್ಕೆ ಮೂರು ದಿನ ನಡೀತಿದ್ದೆ ಅಂತ ಒಂದೇ ಸಾಲು ಬರೆದಿದ್ದೆ, ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿವೆ. ಜಾಸ್ತಿ ಬರೆದಿರೋರು ಮಕ್ಕಳ ಮನೆಗೆ ಹೊರಟಿರೋ ಅಪ್ಪ ಅಮ್ಮಂದಿರು.

ಪ್ರಶ್ನೆ: ನಾವು ಮಂಡ್ಯದವ್ರು, ಬೆಳಿಗ್ಗೆ ನಾಲೆ ಏರಿ ಮೇಲೆ ಒಂದು ಗಂಟೆ ನಡೆಯೋದು ಎಷ್ಟೋ ವರ್ಷದ ಅಭ್ಯಾಸ. ಜೂನ್‌ನಲ್ಲಿ ಮಗನ ಮನೆಗೆ ಲಂಡನ್‌ಗೆ ಹೋಗ್ತಿದೀವಿ. ಮಗ ಸೊಸೆ ಇಬ್ರೂ ಬೆಳಿಗ್ಗೆ ಕೆಲಸಕ್ಕೆ ಹೋದ್ರೆ ಬರೋದು ಸಂಜೆಗೇ. ನನ್ನ ಹೆಂಡ್ತಿಗೆ ಮಂಡಿ ನೋವು. ಯಾರನ್ನೂ ರಜೆ ಹಾಕಿಸ್ದೆ ನಾವಿಬ್ರೇ ಹೋಗಿಬರೋ ಅಂಥ ದಾರಿ ಇದ್ರೆ ಹೇಳಿ.

ಉತ್ತರ: ಇದೆ ಸ್ವಾಮಿ, ನಿಮಗೆ ಹೇಳಿ ಮಾಡಿಸಿದ ಹಾಗಿದೆ. ಪ್ಯಾಡಿಂಗ್ಟನ್ ಸ್ಟೇಷನ್ನಿಗೆ ಹೋಗಿ, ಅಲ್ಲಿ ಲಿಫ್ಟ್ ಇದೆ, ಕಾಲುವೆ ಕಡೆಗೇ ಒಂದು ಬಾಗ್ಲು ಇದೆ, ಹೊರಗೆ ಕಾಲಿಟ್ರೆ ನೀರು. ಅಲ್ಲಿಂದ ಹತ್ತು ನಿಮಿಷ ನಡೆದ್ರೆ ಲಿಟ್ಲ್ ವೆನಿಸ್, ಅಂದ್ರೆ ಎರಡು ಕಾಲುವೆ ಕೂಡೋ ಜಾಗ, ಮಧ್ಯೆ ಕೊಳದ ಥರ ಅಗಲ ಆಗಿದೆ, ಸುತ್ತ ಉದ್ದುದ್ದ ಸಪೂರ ದೋಣಿಗಳು ಕಟ್ಟಿರ್ತಾರೆ, ಅದ್ರಲ್ಲೇ ಸಂಸಾರ ಮಾಡ್ಕೊಂಡಿರೋರೂ ಇದಾರೆ, ದೋಣಿ ಮೇಲೆ ಸೌದೆ, ಹೂವಿನ ಕುಂಡ, ಸೈಕಲ್ಲು ಎಲ್ಲ ಇಟ್ಕೊಂಡಿರ್ತಾರೆ. ಪಕ್ಕದಲ್ಲೇ ರೆಂಬ್ರಾಂಟ್ ಗಾರ್ಡನ್ಸ್ ಅಂತ ಪುಟ್ಟ ಪಾರ್ಕು, ಬೆಂಚಿದೆ. ಮೊದಲನೇ ದಿನ ಇಷ್ಟೇ ಸಾಕು ಅಂತ ನಾನು ಹೇಳೋದು, ಕೂತ್ಕೊಂಡು ನೋಡಿ ಬನ್ನಿ, ದಾರಿ ಪರಿಚಯ ಆಗುತ್ತೆ.

ಎರಡನೇ ದಿನ ಮುಂದೆ ಹೋಗಿ. ಲಿಟ್ಲ್ ವೆನಿಸ್‌ನಿಂದ ಕ್ಯಾಮ್ಡೆನ್ ತನಕ ಹೆಚ್ಚುಕಮ್ಮಿ 4 ಕಿಲೋಮೀಟ್ರು, ಸಮತಟ್ಟು. ಯಾಕೆ ಸಮತಟ್ಟು ಅಂದ್ರೆ, ನಿಮ್ಮ ವಿಶ್ವೇಶ್ವರಯ್ಯ ನಾಲೆ ಗದ್ದೆಗೆ ನೀರು ಹರಿಸೋಕೆ ಮಾಡಿದ್ದು, ಅದಕ್ಕೆ ಇಳಿಜಾರು ಬೇಕು, ಇದು ದೋಣಿ ಹೋಗೋಕೆ ಮಾಡಿದ್ದು, ಇಲ್ಲಿ ನೀರು ಹರಿಯೋದಕ್ಕಿಂತ ನಿಲ್ಲಬೇಕು. ತಗ್ಗು ಬಂದ ಕಡೆ ಲಾಕ್ ಅಂತ ಕಟ್ಟಿ, ಎರಡೂ ಕಡೆ ಬಾಗ್ಲು ಹಾಕಿ, ಮಧ್ಯದ ನೀರನ್ನ ಏರಿಸಿ ಇಳಿಸಿ ದೋಣಿ ದಾಟಿಸ್ತಾರೆ. ಲಿಟ್ಲ್ ವೆನಿಸ್‌ನಿಂದ ಕ್ಯಾಮ್ಡೆನ್ ತನಕ ಲಾಕ್ ಒಂದೂ ಇಲ್ಲ, ಅಷ್ಟುದ್ದಕ್ಕೂ ನೀರು ಒಂದೇ ಮಟ್ಟ, ನೀರಿನ ಪಕ್ಕದ ದಾರೀನೂ ಒಂದೇ ಮಟ್ಟ. ಮಂಡಿ ನೋವಿರೋರಿಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ.

ಒಂದೇ ಒಂದು ಕಷ್ಟ ಇದೆ, ಮುಚ್ಚಿಡಲ್ಲ. ಎಜ್ವೇರ್ ರೋಡ್ ಹತ್ರ ಕಾಲುವೆ ಸುರಂಗದೊಳಗೆ ನುಗ್ಗುತ್ತೆ, ಒಳಗೆ ನಡೆಯೋ ದಾರಿ ಇಲ್ಲ. ಅದಕ್ಕೇ ಬ್ಲೂಮ್‌ಫೀಲ್ಡ್ ರೋಡಲ್ಲಿ ಮೇಲ್ಗಡೆನೇ ನಡೆದು, ಎಜ್ವೇರ್ ರೋಡ್ ದಾಟಿ, ಅಬರ್ಡೀನ್ ಪ್ಲೇಸ್ ಅನ್ನೋ ಬೀದಿ ಹಿಡಿದು ಆಮೇಲೆ ಮತ್ತೆ ಮೆಟ್ಲು ಇಳಿದು ನೀರಿಗೆ ಬರಬೇಕು. ಕಂಬಿ ಹಿಡ್ಕೊಂಡು ನಿಧಾನಕ್ಕೆ ಇಳೀರಿ. ಆಗಲ್ಲ ಅನ್ಸಿದ್ರೆ ಬಲವಂತ ಬೇಡವೇ ಬೇಡ, ಬಸ್ ಹತ್ತಿ ರೀಜೆಂಟ್ಸ್ ಪಾರ್ಕಿಗೆ ಹೋಗಿ, ಜೂನ್ ಮೊದಲ ವಾರಗಳಲ್ಲಿ ಅಲ್ಲಿ ಕ್ವೀನ್ ಮೇರಿ ಗಾರ್ಡನ್ಸ್‌ನಲ್ಲಿ ಸುಮಾರು 12,000 ಗುಲಾಬಿ ಗಿಡ ಹೂ ಬಿಟ್ಟಿರುತ್ತೆ, ಗಾಳಿ ಬೀಸಿದ್ರೆ ವಾಸನೆ ದೂರದಿಂದಲೇ ಬರುತ್ತೆ.

ಕಾಲುವೆ ದಾರೀಲೇ ಹೋದ್ರೆ ರೀಜೆಂಟ್ಸ್ ಪಾರ್ಕ್ ಪಕ್ಕದಲ್ಲಿ ಕಬ್ಬಿಣದ ಕಂಬಗಳ ಮೇಲೆ ನಿಂತಿರೋ ಮ್ಯಾಕ್ಲ್ಸ್‌ಫೀಲ್ಡ್ ಸೇತುವೆ ಬರುತ್ತೆ, ಅಲ್ಲಿ ಮಾತ್ರ ದಯವಿಟ್ಟು ಎರಡು ನಿಮಿಷ ನಿಲ್ಲಿ. ನಮ್ಮೂರ ಬಾವಿಕಟ್ಟೆ ಕಲ್ಲಿನ ಮೇಲೆ ಹಗ್ಗ ಉಜ್ಜಿ ಉಜ್ಜಿ ಗೀರು ಬಿದ್ದಿರುತ್ತಲ್ಲ, ಅದೇ ಥರ ಆ ಎರಕದ ಕಬ್ಬಿಣದ ಕಂಬಗಳ ಮೇಲೆ ಗೀರುಗಳಿವೆ, ಬೆರಳಿಟ್ರೆ ಒಳಗೆ ಕೂರುತ್ತೆ. ಆಗಿನ ಕಾಲದಲ್ಲಿ ದೋಣಿ ಎಳೀತಿದ್ದದ್ದು ಕುದುರೆ, ಕುದುರೆ ದಡದ ಮೇಲೆ ನಡೀತಿತ್ತು, ಒದ್ದೆ ಹಗ್ಗ ಕಂಬಕ್ಕೆ ಉಜ್ಕೊಂಡು ಹೋಗ್ತಿತ್ತು, ನಾವು ನಡೆಯೋ ದಾರಿ ಅದೇ ಕುದುರೆ ದಾರಿ. ಇನ್ನೊಂದು ವಿಷಯ, ಗೀರು ಕಂಬದ ಎರಡೂ ಮಗ್ಗುಲಲ್ಲಿದೆ. 1874ರ ಅಕ್ಟೋಬರ್ 2ರ ಬೆಳಗಿನ ಜಾವ ಸಿಡಿಮದ್ದು, ಪೆಟ್ರೋಲಿಯಂ ತುಂಬ್ಕೊಂಡು ಹೋಗ್ತಿದ್ದ ಟಿಲ್ಬರಿ ಅನ್ನೋ ದೋಣಿ ಈ ಸೇತುವೆ ಕೆಳಗೇ ಸಿಡಿದುಹೋಯ್ತು, ದೋಣೀಲಿದ್ದವರು ಸತ್ರು, ಸೇತುವೆ ಚೂರಾಯ್ತು. ಮತ್ತೆ ಕಟ್ಟುವಾಗ ಹಳೇ ಕಂಬಗಳನ್ನೇ ತಿರುಗಿಸಿ ನಿಲ್ಲಿಸಿದ್ರು, ಹಾಗಾಗಿ ಹಳೇ ಗೀರು ಒಂದು ಕಡೆ, ಆಮೇಲೆ ಬಿದ್ದ ಗೀರು ಇನ್ನೊಂದು ಕಡೆ. ನಾನು ಮೊದಲ ಸಲ ಕೈ ಇಟ್ಟಾಗ ಆ ಕುದುರೆಗಳದ್ದೇ ಯೋಚನೆ, ಎಷ್ಟು ಸಲ ಹೋಗಿರಬೇಕು ಇಷ್ಟು ಆಳ ಸವೆಯೋಕೆ.

ಮುಂದೆ ಜೂ ಮಧ್ಯದಿಂದಲೇ ಕಾಲುವೆ ಹೋಗುತ್ತೆ, 1828ರಲ್ಲಿ ಶುರುವಾದ ಜೂ, ಟಿಕೆಟ್ ಇಲ್ದೇನೇ ದಾರಿಯಿಂದ ದೊಡ್ಡ ಪಂಜರ ಕಾಣುತ್ತೆ, ಮೊದಲು ಹಕ್ಕಿಗಳಿದ್ವು, ಈಗ ಕೋತಿಗಳಿವೆ. ಅಲ್ಲೇ ಪಕ್ಕಕ್ಕೆ ಹೊರಟ್ರೆ ಪ್ರಿಮ್‌ರೋಸ್ ಹಿಲ್, ಹೆಸರಿಗೆ ಬೆಟ್ಟ, ಹುಲ್ಲಿನ ದಿಬ್ಬ ಅಷ್ಟೇ, ನೀವು ಹತ್ತಿ ಊರೆಲ್ಲ ನೋಡ್ಕೊಂಡು ಬನ್ನಿ, ಮನೆಯವರು ಕೆಳಗೆ ಬೆಂಚಲ್ಲಿ ಕೂರಲಿ. ಹಸಿರು ಗಿಳಿಗಳು ಕಿರುಚೋದು ಕೇಳಿಸಿದ್ರೆ ಆಶ್ಚರ್ಯ ಪಡಬೇಡಿ, ನಮ್ಮೂರಿನ ಗಿಳೀನೇ, ಲಂಡನ್ ಪಾರ್ಕುಗಳಲ್ಲಿ ಸಂಸಾರ ಹೂಡಿ ಎಷ್ಟೋ ಕಾಲ ಆಯ್ತು.

ಪ್ರಶ್ನೆ: ದಾರೀಲಿ ಟಾಯ್ಲೆಟ್ ಸಿಗುತ್ತಾ, ಒಬ್ಬೊಬ್ಬರೇ ಹೆಂಗಸರು ಹೋಗ್ಬೋದಾ? (ಧಾರವಾಡದಿಂದ)

ಉತ್ತರ: ಕಾಲುವೆ ದಡದಲ್ಲಿ ಟಾಯ್ಲೆಟ್ ಇಲ್ಲ ಅಂತಾನೇ ಅಂದ್ಕೊಳ್ಳಿ, ಪ್ಯಾಡಿಂಗ್ಟನ್ ಸ್ಟೇಷನ್ನಲ್ಲಿ ಫ್ರೀ ಇದೆ, ಅಲ್ಲೇ ಮುಗಿಸ್ಕೊಂಡು ಹೊರಡಿ, ಆಮೇಲೆ ರೀಜೆಂಟ್ಸ್ ಪಾರ್ಕಲ್ಲಿ ಸಿಗುತ್ತೆ. ಹಗಲು ಹೊತ್ತು ಜನ ಓಡಾಡ್ತಾನೇ ಇರ್ತಾರೆ, ನಾನು ಎಷ್ಟೋ ದಿನ ಒಬ್ಬಳೇ ಹೋಗಿದೀನಿ. ಕತ್ತಲಾದ ಮೇಲೆ ಕಾಲುವೆ ದಾರಿ ಬೇಡ. ಜೂನ್‌ನಲ್ಲಿ ರಾತ್ರಿ ಒಂಬತ್ತರ ತನಕ ಬೆಳಕಿರುತ್ತೆ, ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಸಂಜೆ. ನೀರಿನ ಅಂಚಿಗೆ ಬಹಳ ಕಡೆ ತಡೆಗೋಡೆ ಇಲ್ಲ, ಮೊಮ್ಮಕ್ಕಳಿದ್ರೆ ಕೈ ಬಿಡಬೇಡಿ. ಸೇತುವೆ ಕೆಳಗೆ ದಾರಿ ಕಿರಿದು, ಸೈಕಲ್ ಬೆಲ್ ಕೇಳಿದ್ರೆ ಗೋಡೆ ಕಡೆಗೆ ಸರಿದು ನಿಲ್ಲಿ, ನೀರಿನ ಕಡೆಗಲ್ಲ. ಒಂದು ಹಗುರ ರೇನ್‌ಕೋಟು ಬ್ಯಾಗಲ್ಲಿ ಇದ್ದೇ ಇರಲಿ.

ಪ್ರಶ್ನೆ: ನಾವು ಬೆಂಗಳೂರಲ್ಲಿ ಕಾಲುವೆ ಅಂದ್ರೆ ಮೂಗು ಮುಚ್ಕೊಂಡು ಓಡ್ತೀವಿ. ಅವರಿಗೆ ಮಾತ್ರ ಅದು ಹೇಗೆ ಸಾಧ್ಯ ಆಯ್ತು?

ಉತ್ತರ: ಅದೇನು ವಾಕಿಂಗ್ ಮಾಡೋಕೆ ಅಂತ ಕಟ್ಟಿದ್ದಲ್ಲ. ಪ್ಯಾಡಿಂಗ್ಟನ್ನಿಂದ ಕ್ಯಾಮ್ಡೆನ್ ತನಕ 1816ರಲ್ಲಿ, ಅಲ್ಲಿಂದ ಥೇಮ್ಸ್ ನದಿ ದಡದ ಲೈಮ್‌ಹೌಸ್ ತನಕ 1820ರಲ್ಲಿ ತೆರೆದ್ರು, ಒಟ್ಟು 13.8 ಕಿಲೋಮೀಟ್ರು, ಕಲ್ಲಿದ್ದಲು, ಮರಮುಟ್ಟು, ನಾರ್ವೆಯಿಂದ ಬರ್ತಿದ್ದ ಮಂಜುಗಡ್ಡೆ ಎಲ್ಲ ಇದರ ಮೇಲೇ ಸಾಗ್ತಿತ್ತು, ದಡದಲ್ಲಿ ಗೋದಾಮು, ಗ್ಯಾಸ್ ಕಾರ್ಖಾನೆ, ಹೊಗೆ, ಕೊಳೆ. ರೈಲು ಬಂತು, ಲಾರಿ ಬಂತು, 1956ರಲ್ಲಿ ಕೊನೇ ಕುದುರೆ ದೋಣಿ ನಿಂತ್ಹೋಯ್ತು, 1960ರ ದಶಕದ ಕೊನೆಗೆ ಸರಕು ಸಾಗಣೇನೇ ಇಲ್ಲ ಅನ್ನೋ ಸ್ಥಿತಿ. ಕೆಲಸಕ್ಕೆ ಬಾರದ್ದು ಅಂತ ಮುಚ್ಚಿ ರಸ್ತೆ ಮಾಡಲಿಲ್ಲ, ಅದೇ ದೊಡ್ಡದು ನನಗೆ. ದಾರೀನ ಜನಕ್ಕೆ ತೆರೆದ್ರು, ಅದರ ಅಡಿಯಲ್ಲೇ 1979ರಲ್ಲಿ 4 ಲಕ್ಷ ವೋಲ್ಟಿನ ವಿದ್ಯುತ್ ಕೇಬಲ್ ಹಾಕಿದ್ರು, ಕೇಬಲ್ ಬಿಸಿಯಾಗದ ಹಾಗೆ ತಂಪು ಮಾಡೋದು ಇದೇ ಕಾಲುವೆ ನೀರು. ಅಂದ್ರೆ ಹಳೇದಕ್ಕೆ ಹೊಸ ಕೆಲಸ ಹುಡುಕಿ ಕೊಟ್ರು.

ನಮ್ಮ ರಾಜಕಾಲುವೆ ಬೇರೆ ಜಾತಿ, ಅದು ಒಂದು ಕೆರೆ ಕೋಡಿ ಬಿದ್ದ ನೀರನ್ನ ಮುಂದಿನ ಕೆರೆಗೆ ಮುಟ್ಟಿಸೋ ದಾರಿ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆಯ್ತು, ನೀರಿನ ದಾರಿಗೆ ಮನೆಗಳ ಚರಂಡಿ ಬಿಟ್ವಿ. 2021ರಲ್ಲಿ ಶುರುವಾದ ಕೆ-100 ಯೋಜನೆ ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರು ದಿಕ್ಕಿಗೆ ಹೋಗೋ ರಾಜಕಾಲುವೆ ಪಕ್ಕ ನಡೆಯೋ ದಾರಿ ಮಾಡೋದೇ, ಶಾಂತಿನಗರದ ಹತ್ರ ಒಂದು ಸಲ ಹೋಗಿ ನೋಡಿ. ಕಲ್ಲು ಹಾಸೋದು, ಗಿಡ ನೆಡೋದು ಸುಲಭ, ಕೊಳಚೆ ನೀರು ಒಳಗೆ ಬರದ ಹಾಗೆ ಮೊದಲು ತಡೀಬೇಕು, ಅದಾಗದೆ ಬೆಂಚು ಹಾಕಿದ್ರೆ ಕೂರೋರು ಯಾರು?

ಪ್ರಶ್ನೆ: ಇದೇ ದಾರೀಲಿ ಬಸವಣ್ಣನವರ ಪ್ರತಿಮೆ ಸಿಗುತ್ತಾ? (ಬೀದರ್‌ನಿಂದ)

ಉತ್ತರ: ಇಲ್ಲ, ಅದು ಥೇಮ್ಸ್ ನದಿ ದಡದಲ್ಲಿ, ಲ್ಯಾಂಬೆತ್ ಕಡೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಮೇಲಿದೆ, 2015ರ ನವೆಂಬರ್ 14ರಂದು ಅನಾವರಣ ಆಗಿದ್ದು. ಬೇರೆ ದಿನ ಇಟ್ಕೊಳ್ಳಿ. ಈ ದಾರಿಗೆ ಹತ್ರ ಇರೋದು ಅಂಬೇಡ್ಕರ್ ಮನೆ. ಪ್ರಿಮ್‌ರೋಸ್ ಹಿಲ್ ಇಳಿದು ಆ ಕಡೆ ನಡೆದ್ರೆ ಕಿಂಗ್ ಹೆನ್ರೀಸ್ ರೋಡ್, 10ನೇ ನಂಬರ್ ಮನೆ, 1921-22ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದ್ತಿದ್ದಾಗ ಬಾಬಾಸಾಹೇಬರು ಅಲ್ಲಿದ್ರು. 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಕೊಂಡ್ಕೊಂಡು ಸ್ಮಾರಕ ಮಾಡಿದೆ. ಅಕ್ಕಪಕ್ಕದ ಮನೆಗಳ ಹಾಗೇ ಇರೋ ಸಾಲು ಮನೆ, ಗೋಡೆ ಮೇಲಿನ ನೀಲಿ ಫಲಕ ನೋಡ್ದಿದ್ರೆ ಮುಂದೆ ಹೋಗಿಬಿಡ್ತೀರಿ. ತೆರೆಯೋ ಸಮಯ ಮೊದಲೇ ವಿಚಾರಿಸ್ಕೊಂಡು ಹೋಗಿ, ಆಮೇಲೆ ಚಾಕ್ ಫಾರ್ಮ್ ಸ್ಟೇಷನ್ ಹತ್ರಾನೇ ಇದೆ, ರೈಲು ಹತ್ತಿ ಮನೆಗೆ.

ಪ್ರಶ್ನೆ: ಅಮ್ಮ ಲಂಡನ್‌ಗೆ ಬಂದಾಗ ಕಾಲುವೆಯಲ್ಲಿ ಕಪ್ಪು ಹಕ್ಕಿ, ಹಣೆ ಮೇಲೆ ಬಿಳಿ ಬೊಟ್ಟು, ತೋರಿಸಿ ಹೆಸ್ರು ಕೇಳಿದ್ರು, ನನಗೆ ಗೊತ್ತಾಗ್ಲಿಲ್ಲ.

ಉತ್ತರ: ನಾಮದ ಕೋಳಿ! ಅಮ್ಮ ಮೈಸೂರಿನವರಾದ್ರೆ ಕುಕ್ಕರಹಳ್ಳಿ ಕೆರೇಲಿ ನೋಡಿರ್ತಾರೆ, ಅದೇ ಹಕ್ಕಿ. ಹಣೆ ಮೇಲೆ ಬಿಳಿ ನಾಮ ಇದೆ ಅಂತ ಆ ಹೆಸರು. ಕ್ಯಾಮ್ಡೆನ್ ಹತ್ರ ಒಂದು ಜೋಡಿ ಗೂಡು ಕಟ್ತಿದ್ದದ್ದನ್ನ ನಾನು ಹತ್ತು ದಿನ ನೋಡ್ದೆ, ಕಡ್ಡಿ, ಎಲೆ, ಜೊತೆಗೆ ಚಿಪ್ಸ್ ಪ್ಯಾಕೆಟ್ಟು, ನೀಲಿ ಪ್ಲಾಸ್ಟಿಕ್ ದಾರ, ಗಂಡು ತಂದು ತಂದು ಕೊಡೋದು, ಹೆಣ್ಣು ಕೂತಲ್ಲಿಂದಲೇ ಕೊಕ್ಕಲ್ಲಿ ತಗೊಂಡು ಪಕ್ಕಕ್ಕೆ ಸಿಕ್ಕಿಸೋದು. ಮರಿಗಳ ತಲೆ ಕೆಂಪಗಿರುತ್ತೆ, ಅಮ್ಮನಿಗೆ ಅದನ್ನೂ ತೋರಿಸಿ, ಮೇ ಜೂನ್‌ನಲ್ಲಿ ಸಿಗುತ್ತೆ.