ಮರಿ ಮನೆಗೆ ಬರುವ ಮುನ್ನ: ಪುಟ್ಟ ಮಿಶ್ರತಳಿ ನಾಯಿಯ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ತಾಯಿ ಟಾಯ್ ಪೂಡಲ್, ತಂದೆ ಪಾಮೆರೇನಿಯನ್ ಎಂದು ಹೇಳಿ ಒಂದು ಮರಿ ತೋರಿಸಿದ್ದಾರೆ. ‘ನಾಲ್ಕು ಕೆಜಿ ದಾಟಲ್ಲ, ಕೂದಲು ಉದುರಲ್ಲ, ಅಲರ್ಜಿ ಇರೋರೂ ಸಾಕಬಹುದು’ ಎನ್ನುತ್ತಾರೆ. ಮಗಳಿಗೆ ಅಲರ್ಜಿಯಿದೆ. ನಂಬಬಹುದೇ?

ಉತ್ತರ: ಬೆರಕೆ ಮರಿಯ ವಿಷಯದಲ್ಲಿ ಯಾರೂ ಕೊಡಲಾಗದ ಮೂರು ಭರವಸೆಗಳನ್ನೇ ಕೊಟ್ಟಿದ್ದಾರೆ. ಒಂದೇ ಸೂಲಿನ ಮರಿಗಳಲ್ಲಿ ಒಂದಕ್ಕೆ ತಾಯಿಯ ಗುಂಗುರು ಬಂದರೆ ಇನ್ನೊಂದಕ್ಕೆ ತಂದೆಯ ದಟ್ಟ ತುಪ್ಪಳ ಬರಬಹುದು. ಮೇಲಾಗಿ ಈಗ ನೀವು ನೋಡುತ್ತಿರುವುದು ಮರಿಗೂದಲು. ಆರರಿಂದ ಹನ್ನೆರಡು ತಿಂಗಳೊಳಗೆ ಅದು ಹೋಗಿ ದೊಡ್ಡ ನಾಯಿಯ ಕೂದಲು ಬರುತ್ತದೆ. ಗಂಟು ಬೀಳುವ ಕಾಟ ಶುರುವಾಗುವುದೂ ಆಗಲೇ. ಉದುರದ ಕೂದಲು ಎಂದರೆ ಕೆಲಸವಿಲ್ಲದ ಕೂದಲು ಅಂತಲ್ಲ: ಉದುರಬೇಕಾದದ್ದು ಅಲ್ಲೇ ಸಿಕ್ಕಿಕೊಂಡು, ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಉಣ್ಣೆಯುಂಡೆಯಂತೆ ಗಟ್ಟಿಯಾಗುತ್ತದೆ. ದಿನಕ್ಕೆ ಹತ್ತು ನಿಮಿಷ, ಬರೀ ಮೇಲ್ಮೈಯಲ್ಲಲ್ಲ, ಚರ್ಮದವರೆಗೆ ಬಾಚಬೇಕು. ಬ್ರಷ್ ಆಡಿಸಿದ ಮೇಲೆ ಲೋಹದ ಬಾಚಣಿಗೆ ಬುಡದಿಂದ ತುದಿಗೆ ತಡೆಯಿಲ್ಲದೆ ಹೋದರೆ ಮಾತ್ರ ಮುಗಿದ ಲೆಕ್ಕ. ಗಂಟು ಬಿಡಿಸದೆ ಸ್ನಾನ ಮಾಡಿಸಿದರೆ ಅದು ಇನ್ನಷ್ಟು ಬಿಗಿಯುತ್ತದೆ.

ಅಲರ್ಜಿ ಹುಟ್ಟಿಸುವ ಪ್ರೊಟೀನು ಇರುವುದು ನಾಯಿಯ ಜೊಲ್ಲು, ಚರ್ಮದ ಹೊಟ್ಟು, ಮೂತ್ರದಲ್ಲಿ. ಕೂದಲು ಅದನ್ನು ಹೊತ್ತು ತಿರುಗುತ್ತದೆ, ಅಷ್ಟೆ. ಹಾಗಾಗಿ ಅಲರ್ಜಿಯೇ ಬಾರದ ತಳಿ ಎಂಬುದಿಲ್ಲ. ಮಗಳ ಅಲರ್ಜಿ ಯಾವುದಕ್ಕೆ ಎಂದು ಮೊದಲು ವೈದ್ಯರಲ್ಲಿ ಪರೀಕ್ಷೆ ಮಾಡಿಸಿ. ನಾಯಿಗಲ್ಲ ಎಂದಾದರೆ, ಬೇರೆ ಬೇರೆ ದಿನ ಎರಡು ಮೂರು ಸಲ ಮರಿಯ ಜೊತೆ ಒಂದೊಂದು ಗಂಟೆ ಕೂರಿಸಿ ನೋಡಿ. ಆಸ್ತಮಾ ಇದ್ದರೆ ವೈದ್ಯರು ಹೇಳದೆ ಈ ಪ್ರಯೋಗವೂ ಬೇಡ.

ತೂಕಕ್ಕೆ ಪಂಜ ನೋಡಿ ಅಳೆಯುವುದು ಬಿಟ್ಟು ತಂದೆತಾಯಿಯನ್ನು ನೋಡಿ. ಪುಟ್ಟ ನಾಯಿಗಳು ನಾಲ್ಕನೇ ತಿಂಗಳ ಸುಮಾರಿಗೆ ಪೂರ್ಣ ತೂಕದ ಅರ್ಧದಷ್ಟಿರುತ್ತವೆ. ಆಗಿನ ತೂಕದ ಎರಡು ಪಟ್ಟು ಎಂದಿಟ್ಟುಕೊಳ್ಳಿ, ಒಂದು ಕೆಜಿ ಆಚೀಚೆ.

ಪ್ರಶ್ನೆ: ಮಿಶ್ರತಳಿಗೆ ಕಾಯಿಲೆ ಬರುವುದಿಲ್ಲವಂತೆ, ಹೌದೇ?

ಉತ್ತರ: ಒಂದೇ ತಳಿಯೊಳಗೆ ಕೂಡಿಸಿದಾಗ ಹೊರಬೀಳುವ ಕೆಲವು ಆನುವಂಶಿಕ ಕಾಯಿಲೆಗಳು ಬೆರಕೆಯಲ್ಲಿ ಮರೆಗೆ ಸರಿಯುತ್ತವೆ, ನಿಜ. ಆದರೆ ತಂದೆತಾಯಿ ಇಬ್ಬರ ತಳಿಗೂ ಇರುವ ದೋಷ ಬೆರೆಸಿದರೆ ಹೋಗುವುದಿಲ್ಲ. ಮೊಣಕಾಲಿನ ಚಿಪ್ಪು ಜಾರುವುದು ಪುಟ್ಟ ತಳಿಗಳ ಸಮಾನ ತೊಂದರೆ. ಮರಿ ಓಡುತ್ತಿರುವಾಗ ಹಿಂಗಾಲೊಂದನ್ನು ನಾಲ್ಕು ಹೆಜ್ಜೆ ಎತ್ತಿಕೊಂಡು ಕುಂಟಿ, ಏನೂ ಆಗದಂತೆ ಮತ್ತೆ ಓಡಿದರೆ ಅದು ಆಟವಲ್ಲ, ಚಿಪ್ಪು ಜಾರಿ ಕೂತ ಲಕ್ಷಣ. ಪಶುವೈದ್ಯರು ಕೈಯಲ್ಲೇ ಒತ್ತಿ ಪತ್ತೆ ಮಾಡುತ್ತಾರೆ. ಶ್ವಾಸನಾಳವೂ ಇವಕ್ಕೆ ನಾಜೂಕು, ಕೊರಳಪಟ್ಟಿಗೆ ಹಗ್ಗ ಕಟ್ಟಿ ಎಳೆಯಬೇಡಿ, ಎದೆಗೆ ಹಾಕುವ ಹಾರ್ನೆಸ್ ತನ್ನಿ. ಇನ್ನೊಂದು ತೊಂದರೆ ಹಲ್ಲಿನದು: ಆರೇಳು ತಿಂಗಳಾದರೂ ಹಾಲಿನ ಕೋರೆಹಲ್ಲು ಬೀಳದೆ ಹೊಸದರ ಪಕ್ಕದಲ್ಲೇ ನಿಂತಿದ್ದರೆ ತೆಗೆಸಬೇಕು. ಇಲ್ಲವಾದರೆ ಸಂದಿಯಲ್ಲಿ ಆಹಾರ ಸಿಕ್ಕಿ ಒಸಡು ಕೆಡುತ್ತದೆ.

ಪ್ರಶ್ನೆ: ಮರಿಗೆ ಐದು ವಾರ. ‘ಈಗಲೇ ಒಯ್ದರೆ ಬೇಗ ಹೊಂದಿಕೊಳ್ಳುತ್ತೆ’ ಎನ್ನುತ್ತಾರೆ. ತರಲೇ?

ಉತ್ತರ: ಬೇಡ. ಎಂಟು ವಾರಕ್ಕೆ ಮುಂಚೆ ತಾಯಿಯಿಂದ ಬಿಡಿಸಬಾರದು. ತೀರಾ ಸಣ್ಣ ಮರಿಯಾದರೆ ಹತ್ತು ವಾರವೂ ಆಗಲಿ. ಎಷ್ಟು ಜೋರಾಗಿ ಕಚ್ಚಿದರೆ ನೋಯುತ್ತದೆ ಎಂಬುದನ್ನು ಅದು ಒಡಹುಟ್ಟಿದವರ ಜೊತೆ ಕಾದಾಡಿಯೇ ಕಲಿಯುವುದು. ಬೇಗ ಬಿಡಿಸಲು ಅವಸರ ಮಾಡುವವರು ಸಾಮಾನ್ಯವಾಗಿ ತಾಯಿಯನ್ನು ತೋರಿಸಲೂ ಹಿಂಜರಿಯುತ್ತಾರೆ. ಅಂಥ ಕಡೆಯಿಂದ ಬರಿಗೈಲಿ ಬನ್ನಿ.

ಒಪ್ಪುವ ಮುಂಚೆ ಮರಿಯನ್ನು ಕೈಯಲ್ಲೆತ್ತಿ ನೋಡಿ. ಒಸಡು ನಸುಗೆಂಪಾಗಿರಬೇಕು. ಹೊಟ್ಟೆ ಮಡಕೆಯಂತೆ ಉಬ್ಬಿ ಬೆನ್ನೆಲುಬು ಕೈಗೆ ಒತ್ತಿದರೆ ಜಂತುಹುಳ ಇರಬಹುದು. ಹೊಕ್ಕುಳಲ್ಲಿ ಮೆತ್ತನೆಯ ಗುಬುಟು ಇದ್ದರೆ ಹರ್ನಿಯಾ. ಬಾಲದಡಿ ಒದ್ದೆಯಾಗಿದ್ದರೆ ಭೇದಿ. ಲಸಿಕೆ ಕಾರ್ಡಿನಲ್ಲಿ ದಿನಾಂಕ, ಸೀಸೆಯಿಂದ ಕಿತ್ತು ಅಂಟಿಸಿದ ಲೇಬಲ್, ವೈದ್ಯರ ಸಹಿ ಇರಲಿ. ‘ಎಲ್ಲಾ ಇಂಜೆಕ್ಷನ್ ಆಗಿದೆ’ ಎಂಬ ಮಾತು ಎಂಟು ವಾರದ ಮರಿಯ ಮಟ್ಟಿಗೆ ಸುಳ್ಳು. ಮೊದಲ ಲಸಿಕೆ ಆರರಿಂದ ಎಂಟನೇ ವಾರಕ್ಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಂದು, ಕೊನೆಯದು ಹದಿನಾರು ವಾರ ತುಂಬಿದ ಮೇಲೆ. ತಾಯಿಯಿಂದ ಬಂದ ಪ್ರತಿಕಾಯಗಳು ರಕ್ತದಲ್ಲಿರುವವರೆಗೆ ಲಸಿಕೆ ಸರಿಯಾಗಿ ಹತ್ತುವುದಿಲ್ಲ, ಅದು ಯಾವ ಮರಿಯಲ್ಲಿ ಯಾವಾಗ ಇಳಿಯುತ್ತದೆ ಎಂದು ಹೇಳಲಾಗದು. ಅದಕ್ಕೇ ಇಷ್ಟು ಸಲ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಲಸಿಕೆಗಳೆಲ್ಲ ಮುಗಿಯುವವರೆಗೆ ಬೇರೆ ನಾಯಿಗಳು ಓಡಾಡುವ ನೆಲಕ್ಕೆ ಬಿಡಬೇಡಿ, ಆದರೆ ಎತ್ತಿಕೊಂಡು ತಿರುಗಾಡಿಸಿ. ಗಾಡಿಯ ಸದ್ದು, ಕೊಡೆ, ಟೋಪಿ ಹಾಕಿದವರು ಎಲ್ಲ ಈಗಲೇ ಕಾಣಲಿ.

ಪ್ರಶ್ನೆ: ಪುಟ್ಟ ಮರಿಗಳಿಗೆ ಸಕ್ಕರೆ ಇಳಿದು ಪ್ರಾಣಕ್ಕೆ ಕುತ್ತಾಗುತ್ತದೆ ಎಂದು ಕೇಳಿದೆ. ಎಷ್ಟು ಊಟ, ಎಷ್ಟು ಸಲ ಕೊಡಬೇಕು?

ಉತ್ತರ: ಇದನ್ನು ಕೇಳದೆ ಮರಿ ತರುವವರೇ ಹೆಚ್ಚು. ಒಂದು ಕೆಜಿಯ ಮರಿಯ ಪಿತ್ತಜನಕಾಂಗದಲ್ಲಿ ಸಕ್ಕರೆಯ ದಾಸ್ತಾನು ಅತ್ಯಲ್ಪ. ಒಂದು ಊಟ ತಪ್ಪಿದರೆ, ಚಳಿ ಹಿಡಿದರೆ, ಹೊಸ ಮನೆಯ ಗಾಬರಿಗೆ ತಿನ್ನದಿದ್ದರೆ ಖಾಲಿ. ಲಕ್ಷಣಗಳು ಹೀಗೆ: ತೂಕಡಿಕೆ, ಕುಡಿದವರಂತೆ ತೂರಾಡುವುದು, ನಡುಕ, ಕೊನೆಗೆ ಸೆಳವು. ಕೂಡಲೇ ಸಕ್ಕರೆ ಪಾಕವನ್ನೋ ಜೇನನ್ನೋ ಬೆರಳಿಗೆ ಹಚ್ಚಿ ಒಸಡಿಗೆ ಉಜ್ಜಿ. ಎಚ್ಚರವಿಲ್ಲದ ಮರಿಯ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಬಟ್ಟೆ ಸುತ್ತಿ ಬೆಚ್ಚಗಿಟ್ಟು ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿ ಎದ್ದು ಕೂತರೂ ವಾಪಸಾಗಬೇಡಿ. ಸಕ್ಕರೆರಹಿತ ತಿನಿಸುಗಳಲ್ಲಿರುವ ಸೈಲಿಟಾಲ್ ಮಾತ್ರ ವಿಷ, ಅದು ಸಕ್ಕರೆಯನ್ನು ಇನ್ನೂ ಇಳಿಸುತ್ತದೆ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಮನುಷ್ಯರ ನೋವಿನ ಮಾತ್ರೆಗಳೂ ದೂರವಿರಲಿ.

ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಊಟ, ಕೊನೆಯದು ಮಲಗುವ ಮುಂಚೆ. ಲೆಕ್ಕ ಹೇಳುವುದಾದರೆ, ಒಂದೂವರೆ ಕೆಜಿಯ ಮರಿಗೆ ದಿನಕ್ಕೆ ಸುಮಾರು 285 ಕಿಲೊಕ್ಯಾಲೊರಿ ಬೇಕು. ಪೊಟ್ಟಣದ ಮೇಲೆ 100 ಗ್ರಾಮಿಗೆ 380 ಎಂದಿದ್ದರೆ 75 ಗ್ರಾಂ, ಅಂದರೆ ಊಟಕ್ಕೆ 19 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲೇ ತೂಗಿ, ಹಿಡಿ ಲೆಕ್ಕ ಬೇಡ. ವಾರಕ್ಕೊಮ್ಮೆ ಮರಿಯನ್ನೂ ತೂಗಿ ಹೆಚ್ಚುಕಡಿಮೆ ಮಾಡಿ. ಮೊದಲ ಕೆಲವು ದಿನ ಅದು ಅಲ್ಲಿ ತಿನ್ನುತ್ತಿದ್ದುದನ್ನೇ ಕೊಟ್ಟು, ಆಮೇಲೆ ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಬದಲಿಸಿ. ಹಸುವಿನ ಹಾಲು ಎಷ್ಟೋ ಮರಿಗಳಿಗೆ ಭೇದಿ ತರುತ್ತದೆ.

ಪ್ರಶ್ನೆ: ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ನಾಲ್ಕು ವರ್ಷದ ಮಗನಿದ್ದಾನೆ. ಸಾಕಬಹುದೇ?

ಉತ್ತರ: ಹಗಲೆಲ್ಲ ಮನೆ ಖಾಲಿಯಿದ್ದರೆ ಎರಡು ತಿಂಗಳ ಮರಿ ಬೇಡ. ಅದು ಎಚ್ಚರವಿದ್ದಾಗ ಎರಡು ಮೂರು ಗಂಟೆಗಿಂತ ಹೆಚ್ಚು ಮೂತ್ರ ತಡೆಯಲಾರದು. ಎದ್ದ ಕೂಡಲೇ, ಉಂಡು ಹತ್ತು ಹದಿನೈದು ನಿಮಿಷಕ್ಕೆ, ಆಡಿದ ಮೇಲೆ ಯಾರಾದರೂ ಹೊರಗೆ ಕರೆದೊಯ್ಯಬೇಕು. ಅದಕ್ಕೆ ಜನವಿಲ್ಲವೆಂದರೆ ಒಂದು ವರ್ಷ ದಾಟಿದ ಪುಟ್ಟ ನಾಯಿಯನ್ನು ದತ್ತು ತನ್ನಿ. ಅದರ ಗಾತ್ರ, ಕೂದಲು, ಸ್ವಭಾವ ಎಲ್ಲ ಕಣ್ಣೆದುರೇ ಇರುತ್ತದೆ. ಮಗನ ವಿಷಯ: ಪುಟ್ಟ ನಾಯಿಯ ಮುಂಗಾಲಿನ ಎಲುಬು ಸೀಸದಕಡ್ಡಿಯಷ್ಟು ಸಪೂರ, ತೋಳಿನಿಂದಲೋ ಸೋಫಾದಿಂದಲೋ ಬಿದ್ದರೂ ಮುರಿಯುತ್ತದೆ. ಅವನು ನೆಲದ ಮೇಲೆ ಕೂತಾಗಷ್ಟೇ ಅದು ತೊಡೆಗೆ ಬರಲಿ, ಪಕ್ಕದಲ್ಲಿ ದೊಡ್ಡವರೊಬ್ಬರು ಇರಲಿ.