ಹಿಂಬದಿಯಲ್ಲಿ ಎನಾಮೆಲ್ ಹೂವಿರುವ ಹಳೆಯ ಲೇಡೀಸ್ ವಾಚು ಯಾವ ಕಾಲದ್ದು, ಯಾವ ಕಂಪನಿಯದು?

ಸಕಲೇಶಪುರದ ತೋಟದ ಮನೆಯಲ್ಲಿ ಸಿಕ್ಕಿದ ಅಜ್ಜಿಯ ಕೈಗಡಿಯಾರದ ಬಗ್ಗೆ ನೀವು ಕೊಟ್ಟಿರುವ ಗುರುತುಗಳು ಇಷ್ಟು: ಹಿಂಬದಿ ಮುಚ್ಚಳದ ಮೇಲೆ ನೀಲಿ ಎನಾಮೆಲ್ ಮತ್ತು ಹೂವು, ಒಳಗೆ ಮೂರು ಕರಡಿಗಳ ಮುದ್ರೆ, 0.935, ‘ರೆಮಾಂಟ್ವಾರ್ ಸಿಲಿಂಡ್ರ್ 10 ರೂಬಿ’ ಎಂಬ ಬರಹ, ಬೆಲ್ಟಿನ ತಂತಿ ಕೊಂಡಿ ಒಂದು ಕಡೆ ಸಡಿಲ. ಹಾಸನದಲ್ಲಿ ಅದಕ್ಕೆ ಬೆಸುಗೆ ಹಾಕಿಸಬಹುದೇ ಎಂದೂ ಕೇಳಿದ್ದೀರಿ.

ಮೊದಲು ಆ ಬರಹ. ಅದು ಕಂಪನಿಯ ಹೆಸರಲ್ಲ, ಫ್ರೆಂಚ್ ಭಾಷೆಯ ವಿವರಣೆ; ಯಾವ ಕಂಪನಿಯದು ಎಂದು ಅದರಿಂದ ತಿಳಿಯುವುದಿಲ್ಲ. ರೆಮಾಂಟ್ವಾರ್ ಎಂದರೆ ಬೇರೆ ಕೀಲಿಕೈ ಬೇಡದ, ತಿರುಪಿನಿಂದಲೇ ಕೀಲಿ ಕೊಡುವ ವಾಚು. ಸಿಲಿಂಡ್ರ್ ಎಂಬುದು ಎಸ್ಕೇಪ್‌ಮೆಂಟಿನ, ಅಂದರೆ ಚಕ್ರಗಳನ್ನು ತಡೆತಡೆದು ಒಂದೊಂದೇ ಹಲ್ಲು ಮುಂದೆ ಬಿಡುವ ಭಾಗದ, ಒಂದು ಬಗೆ. 10 ರೂಬಿ ಎಂದರೆ ಒಳಗೆ ಅಚ್ಚುಗಳು ತಿರುಗುವ ಕಡೆ ಸವೆಯದಂತೆ ಕೂರಿಸಿದ ಹತ್ತು ಕಲ್ಲು. ಇದೇ ರೀತಿ ‘ಆಂಕ್ರ್’ ಎಂದಿದ್ದರೆ ಲಿವರ್ ಎಂಬ ಇನ್ನೊಂದು ಬಗೆಯ ಎಸ್ಕೇಪ್‌ಮೆಂಟಿನ ವಾಚು. ‘ಸ್ಪಿರಾಲ್ ಬ್ರೆಗೆ’ ಎಂದಿದ್ದರೆ ಅದು ಕೂದಲೆಳೆ ಸ್ಪ್ರಿಂಗಿನ ಆಕಾರ, ಬ್ರೆಗೆ ಕಂಪನಿಯ ವಾಚು ಅಂತಲ್ಲ. ‘ಕ್ಯುವೆಟ್ ಮೆತಾಲ್’ ಎಂದಿದ್ದರೆ ಒಳಗಿನ ಧೂಳು ಮುಚ್ಚಳ ಮಾತ್ರ ಬೆಳ್ಳಿಯದಲ್ಲ ಎಂದು. ಈ ಪದಗಳನ್ನೇ ಬ್ರ್ಯಾಂಡ್ ಎಂದುಕೊಂಡು ದುಡ್ಡು ಕಳೆದುಕೊಳ್ಳುವವರು ಬಹಳ.

ಮೂರು ಕರಡಿ ಸ್ವಿಸ್ ಸರ್ಕಾರಿ ಮುದ್ರೆ. 0.935 (ಸಾವಿರಕ್ಕೆ 935 ಪಾಲು) ಶುದ್ಧತೆಯ ಬೆಳ್ಳಿಗೆ ಅದು 1880ರ ದಶಕದ ಕೊನೆಯಲ್ಲಿ ಬಂತು, ಹಾಗಾಗಿ ನಿಮ್ಮ ವಾಚು ಅದಕ್ಕಿಂತ ಹಳೆಯದಲ್ಲ. ಒಂದೇ ಕರಡಿ ಇದ್ದರೆ 0.875, ಕಾಡುಕೋಳಿಯಂಥ ಹಕ್ಕಿ ಇದ್ದರೆ 0.800. ಚಿನ್ನಕ್ಕೆ ಬೇರೆ: ಅಳಿಲು 14 ಕ್ಯಾರೆಟ್, ಹೆಣ್ಣಿನ ತಲೆ 18 ಕ್ಯಾರೆಟ್. 1907ರ ಜೂನ್ ನಂತರ ಬ್ರಿಟನ್‌ಗೆ ಆಮದಾದ ಚಿನ್ನ ಬೆಳ್ಳಿ ಕೇಸುಗಳಿಗೆ ಅಲ್ಲಿನ ಮುದ್ರೆಯೂ ಕಡ್ಡಾಯವಾಗಿತ್ತು. ಅದರಲ್ಲಿರುವ ವರ್ಷದ ಅಕ್ಷರದಿಂದ ಇಸವಿ ಸಿಗುತ್ತದೆ. ನಿಮ್ಮದರಲ್ಲಿ ಅದಿಲ್ಲ ಎಂದ ಮಾತ್ರಕ್ಕೆ 1907ಕ್ಕಿಂತ ಹಳೆಯದು ಎಂದು ತೀರ್ಮಾನಿಸಬೇಡಿ. ನೇರವಾಗಿ ಭಾರತಕ್ಕೆ ಬಂದ ವಾಚಿಗೆ ಆ ಮುದ್ರೆ ಬೇಕಿರಲಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಎನಾಮೆಲ್ ಇರುವ ಜಾಗ. ಕೈಗೆ ಕಟ್ಟಿದ ಮೇಲೆ ಕಾಣದ ಹಿಂಬದಿಗೆ ಯಾರೂ ಅಷ್ಟು ಕೆಲಸ ಮಾಡುವುದಿಲ್ಲ. ಇದು ಹುಟ್ಟಿನಲ್ಲಿ ಎದೆಯ ಮೇಲೆ ಪಿನ್ನಿಗೋ ಸರಕ್ಕೋ ತೂಗುಹಾಕುತ್ತಿದ್ದ ವಾಚು, ಕೊಂಡಿಗಳನ್ನು ಆಮೇಲೆ ಸೇರಿಸಿರಬೇಕು. ಪರೀಕ್ಷೆ ಸುಲಭ: ಕೀಲಿ ತಿರುಪು 12ರ ಬಳಿ ಇದೆಯೇ, ಕೊಂಡಿಗಳು 3 ಮತ್ತು 9ರ ಬದಿಯಲ್ಲಿವೆಯೇ, ಬೆಸುಗೆಯ ಗುರುತು ಒರಟಾಗಿದೆಯೇ ನೋಡಿ. ಕೈಗೆಂದೇ ಮಾಡಿದ ಎನಾಮೆಲ್ ವಾಚುಗಳಲ್ಲಿ ತಿರುಪು ಸಾಮಾನ್ಯವಾಗಿ 3ರ ಬಳಿ, ಬಣ್ಣ ಗಾಜಿನ ಸುತ್ತಲಿನ ಬೆಜೆಲ್ ಮೇಲೆ.

ಎನಾಮೆಲ್ ನಿಜವೋ ಬಣ್ಣವೋ ತಿಳಿಯಲು 10 ಪಟ್ಟಿನ ಭೂತಗನ್ನಡಿ ಸಾಕು. ನಿಜವಾದದ್ದು ಸುಮಾರು 750ರಿಂದ 850 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೋಹದ ಮೇಲೆ ಕರಗಿಸಿದ ಗಾಜು. ಚೆಕ್ಕೆ ಎದ್ದ ಕಡೆ ಒಡೆದ ಗಾಜಿನಂತೆ ಚೂಪಾದ, ಹೊಳೆಯುವ ಅಂಚಿರುತ್ತದೆ. ಬಣ್ಣವಾದರೆ ಸಿಪ್ಪೆಯಂತೆ ಏಳುತ್ತದೆ. ಪಾರದರ್ಶಕ ನೀಲಿಯ ಕೆಳಗೆ ಅಲೆ ಅಥವಾ ಸೂರ್ಯಕಿರಣದಂಥ ಯಂತ್ರದ ಕೆತ್ತನೆ ಕಂಡರೆ ಅದು ಗಿಯೋಶೆ. ಲೋಹದಲ್ಲಿ ಗುಳಿ ತೋಡಿ ತುಂಬಿದ್ದರೆ ಶಾಂಪ್ಲೆವೆ, ತೆಳು ತಂತಿಯ ಗೋಡೆಗಳಿದ್ದರೆ ಕ್ಲುವಾಸೊನೆ. ಹೂವಿನಲ್ಲಿ ಕುಂಚದ ಗೆರೆ ಕಂಡರೆ ಚಿತ್ರಿಸಿ ಸುಟ್ಟದ್ದು. ಒಂದೇ ವಾಚಿನಲ್ಲಿ ಎರಡು ಬಗೆ ಸೇರಿರುವುದೂ ಉಂಟು. ನೈಲ್ ಪಾಲಿಶ್ ರಿಮೂವರ್ ಹಚ್ಚಿ ಪರೀಕ್ಷಿಸಲೇಬೇಡಿ.

ಬೆಸುಗೆ ಹಾಕಿಸಬಹುದೇ ಎಂಬುದಕ್ಕೆ ನನ್ನ ಉತ್ತರ: ಹಾಕಿಸಬೇಡಿ. ಬೆಳ್ಳಿಯ ಗಟ್ಟಿ ಬೆಸುಗೆಗೆ ಸುಮಾರು 700 ಡಿಗ್ರಿ ಬೇಕು. ಅಕ್ಕಸಾಲಿಗರು ಎಷ್ಟೇ ನುರಿತವರಾದರೂ ಊದುಗೊಳವೆಯ ಬೆಂಕಿ ಒಂದು ಕಡೆ ಬಿದ್ದಾಗ ಗಾಜೂ ಲೋಹವೂ ಒಂದೇ ಸಮ ಹಿಗ್ಗದೆ ಎನಾಮೆಲ್ ಬಿರಿಯುತ್ತದೆ. ಸೀಸದ ಬೆಸುಗೆಗೆ ಶಾಖ ಕಡಿಮೆ, ಆದರೆ ಉಳಿದ ಸೀಸ ಮುಂದೆ ಕಾಯಿಸಿದಾಗ ಬೆಳ್ಳಿಯನ್ನೇ ತಿನ್ನುತ್ತದೆ. ಲೇಸರ್ ಬೆಸುಗೆ ಮಾಡುವವರಿದ್ದರೆ ಮಾತ್ರ, ಅದೂ ಒಳಗಿನ ಮಷೀನು ಬಿಚ್ಚಿಟ್ಟ ಮೇಲೆ ಮಾಡಿಸಿ. ಅಲ್ಟ್ರಾಸೋನಿಕ್ ತೊಟ್ಟಿಗೆ ಕೇಸು ಹಾಕಲು ಬಿಡಬೇಡಿ, ಕಣ್ಣಿಗೆ ಕಾಣದ ಬಿರುಕಿನಿಂದಲೇ ಚೆಕ್ಕೆ ಏಳುತ್ತದೆ.

ನಡೆಯುತ್ತದೆಯೇ ನೋಡೋಣ ಎಂದು ಕೀಲಿ ಕೊಡಲೂಬೇಡಿ. ನಿಮ್ಮದರಂಥ ಸಿಲಿಂಡರ್ (ಸಿಲಿಂಡ್ರ್) ವಾಚಿನಲ್ಲಿ, ಲಿವರ್ ವಾಚಿನಲ್ಲಿ ಚಕ್ರಕ್ಕೂ ಬ್ಯಾಲೆನ್ಸಿಗೂ ನಡುವೆ ಇರುವ ಪ್ಯಾಲೆಟ್ ಕವೆ ಇಲ್ಲ. ಎಸ್ಕೇಪ್ ಚಕ್ರದ ಹಲ್ಲುಗಳು ಬ್ಯಾಲೆನ್ಸಿನ (ಹಿಂದೆ ಮುಂದೆ ಆಡುವ ಚಕ್ರದ) ಟೊಳ್ಳು ಉಕ್ಕಿನ ಕೊಳವೆಗೇ ಉಜ್ಜುತ್ತವೆ. ಎಣ್ಣೆ ಒಣಗಿದ್ದರೆ ಆ ಕೊಳವೆ ಸವೆಯುತ್ತದೆ, ಬದಲಿ ಸಿಗುವುದು ಕಷ್ಟ. ಮಲೆನಾಡಿನ ಮಳೆಗಾಲಗಳನ್ನು ಕಂಡ ವಾಚು, ತುಕ್ಕು ಇದ್ದೇ ಇರುತ್ತದೆ ಎಂದುಕೊಂಡು ಮೊದಲು ಬಿಚ್ಚಿ ತೊಳೆಸಿ. ಅಲ್ಲಿಯವರೆಗೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹತ್ತಿಬಟ್ಟೆಯಲ್ಲಿ ಸುತ್ತಿ ಗಾಳಿಯಾಡದ ಡಬ್ಬಿಯಲ್ಲಿಡಿ. ರಬ್ಬರ್ ಬ್ಯಾಂಡ್ ಮಾತ್ರ ಹತ್ತಿರ ಬೇಡ, ಅದರ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ.