ಅವ್ರ ಮಾತಿನ ಬೀಗದ ಕೈ ನಿಮ್ಮ ಹತ್ರಾನೇ ಇದೆ ಅಕ್ಕ

ತಿಪಟೂರು ಕಡೆಯ ಓದುಗರೊಬ್ರು ಅಮೆರಿಕದ ನ್ಯೂಜೆರ್ಸಿಯಿಂದ ಬರೆದಿದಾರೆ. ಮಗಳ ಬಾಣಂತನಕ್ಕೆ ಅಂತ ಗಂಡ ಹೆಂಡ್ತಿ ಇಬ್ರೂ ಹೋದೋರು, ನಾಲ್ಕನೇ ತಿಂಗಳಲ್ಲಿ ಯಜಮಾನ್ರಿಗೆ ಸ್ಟ್ರೋಕ್ ಆಗಿದೆ, ಬಲಗೈ ಬಲಗಾಲು ನಿಧಾನಕ್ಕೆ ಆಡ್ತಿದೆ, ಮಾತು ಮಾತ್ರ ಬರ್ತಿಲ್ಲ, ಡಾಕ್ಟ್ರು ಸದ್ಯಕ್ಕೆ ಫ್ಲೈಟ್ ಬೇಡ ಅಂದಿದಾರೆ. "ಥೆರಪಿಯವ್ರು ಇಂಗ್ಲಿಷಲ್ಲಿ ಹೇಳೋದು ಮಗಳಿಗೆ ಮಾತ್ರ ಅರ್ಥ ಆಗತ್ತೆ, ನಾನು ಮಗು ಎತ್ಕೊಂಡು ಮೂಲೇಲಿ ಕೂತಿರ್ತೀನಿ, ನನ್ನಿಂದ ಇಲ್ಲಿ ಏನು ಪ್ರಯೋಜನ" ಅಂತ ಕೇಳಿದಾರೆ. ರಾಗಿ ಅಂಬಲಿ ಕೊಡಬಹುದಾ ಅಂತಾನೂ ಕೇಳಿದಾರೆ.

ಅಕ್ಕ, ನಿಮ್ಮ ಪತ್ರ ಎರಡು ಸಲ ಓದ್ದೆ. ಪ್ರಯೋಜನ ಇಲ್ಲ ಅಂದ್ರಲ್ಲ, ಅದನ್ನ ನಾನು ಒಪ್ಪಲ್ಲ. ನಿಮ್ಮ ಯಜಮಾನ್ರಿಗೆ ಆಗಿರೋದನ್ನ ಅಫೇಸಿಯಾ ಅಂತಾರೆ, ಸಾಮಾನ್ಯವಾಗಿ ಮಿದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದಾಗ ಹೀಗಾಗತ್ತೆ, ಬಲಗಡೆ ಕೈಕಾಲು ಸೋತಿರೋದೂ ಅದಕ್ಕೇನೇ. ಬುದ್ಧಿ ಹೋಗಿಲ್ಲ, ಕಿವಿ ಹೋಗಿಲ್ಲ, ಒಳಗೆ ಗೊತ್ತಿರೋ ಪದ ನಾಲಿಗೆಗೆ ಸಿಕ್ತಿಲ್ಲ ಅಷ್ಟೇ, ಹಾಗಾಗಿ ಜೋರಾಗಿ ಕೂಗಿ ಮಾತಾಡ್ಸೋದು, ಅವ್ರ ಎದುರೇ ಅವ್ರ ಬಗ್ಗೆ ಬೇರೆಯವ್ರ ಹತ್ರ ಮಾತಾಡೋದು ಎರಡೂ ಬೇಡ.

ನಮ್ಮಪ್ಪನಿಗೂ ಹೀಗೇ ಆಗಿತ್ತು. ನೀರು ಬೇಕಾದ್ರೂ "ಬೀಗ", ಫ್ಯಾನ್ ಹಾಕು ಅನ್ನೋಕೂ "ಬೀಗ", ನಮಗೆ ಅರ್ಥ ಆಗ್ದೆ ಹೋದ್ರೆ ಮಂಚದ ಪಟ್ಟಿಗೆ ಎಡಗೈಲಿ ಹೊಡ್ಕೊಳೋರು. ಒಂದಿನ ಸಂಜೆ ನನ್ನ ತಂಗಿ ಮಗ ಪಕ್ಕದಲ್ಲಿ ಕೂತು ಎರಡೊಂದ್ಲ ಎರಡು ಅಂತ ಮಗ್ಗಿ ಹೇಳ್ತಾ ಎರಡೇಳ್ಲ ಹತ್ರ ತಡವರಿಸಿದ, ಅಪ್ಪ ಗೋಡೆ ನೋಡ್ಕೊಂಡೇ "ಹದಿನಾಕು" ಅಂದ್ರು, ಅಲ್ಲಿಂದ ಇಪ್ಪತ್ತರ ತನಕ ಸಲೀಸಾಗಿ ಹೇಳ್ಬಿಟ್ರು. ಅಡುಗೆಮನೇಲಿದ್ದ ಅಮ್ಮ ಓಡಿ ಬಂದ್ಲು, ಕೈಯೆಲ್ಲಾ ಹಿಟ್ಟು. ಆಮೇಲೆ ಗೊತ್ತಾಯ್ತು, ಬಾಯಿಪಾಠ ಆಗಿರೋ ಮಗ್ಗಿ, ವಾರದ ಹೆಸ್ರು, ದೇವರನಾಮ, ಇವು ಎಷ್ಟೋ ಜನಕ್ಕೆ ಮಾತು ನಿಂತ್ರೂ ಉಳ್ಕೊಂಡಿರತ್ತಂತೆ, ಹಾಡಿನ ಧಾಟಿ ಹಿಡ್ದು ಮಾತಿಗೆ ತರೋ ಥೆರಪಿನೇ ಇದೆ. ಈಗ ಯೋಚ್ನೆ ಮಾಡಿ, ನಿಮ್ಮ ಯಜಮಾನ್ರಿಗೆ ಬಾಯಿಪಾಠ ಇರೋದು ಯಾವ ಭಾಷೇಲಿ? ಥೆರಪಿಯವ್ರು ತೋರ್ಸೋ ಕಾರ್ಡಲ್ಲಿ ಟೋಸ್ಟರು, ಹಿಮದ ಗೊಂಬೆ ಇದ್ರೆ ತೋಟ ಮಾಡ್ಕೊಂಡಿದ್ದ ಮನುಷ್ಯ ಏನಂತ ಹೇಳ್ಬೇಕು! ಕೊಬ್ಬರಿ, ಮಚ್ಚು, ಪಂಪ್‌ಸೆಟ್ಟು, ಮೊಮ್ಮಗಳ ಹೆಸ್ರು, ಹೀಗೆ ದಿನಾ ಬೇಕಾಗೋ ಐವತ್ತು ಪದ ನೀವೇ ಬರೀರಿ, ಮಗಳ ಹತ್ರ ಫೋಟೋ ಪ್ರಿಂಟ್ ಹಾಕ್ಸಿ ಥೆರಪಿಯವ್ರಿಗೆ ಕೊಡಿ. ಆ ಪಟ್ಟಿ ಮಾಡೋಕೆ ಆ ಊರಲ್ಲಿ ನಿಮ್ಮನ್ನ ಬಿಟ್ರೆ ಇನ್ಯಾರೂ ಇಲ್ಲ.

ಮನೇಲಿ ಮಾತಾಡುವಾಗ ಟಿವಿ ಆರಿಸಿ. "ಏನ್ ಬೇಕು" ಅಂತ ಕೇಳೋ ಬದ್ಲು ಕಾಫಿ ಲೋಟ, ಹಾಲಿನ ಲೋಟ ಎರಡೂ ಹಿಡ್ದು "ಇದಾ, ಇದಾ" ಅನ್ನಿ. ಅವ್ರು ತಡವರಿಸಿದ್ರೆ ಬಾಯಿಗೆ ಪದ ತುರುಕಬೇಡಿ, ಮನಸ್ಸಲ್ಲೇ ಹತ್ತು ಎಣಿಸಿ ಕಾಯಿರಿ, ಇದು ಹೇಳಿದಷ್ಟು ಸುಲಭ ಅಲ್ಲ, ನಮ್ಮಮ್ಮನಿಗೆ ಕೊನೇವರ್ಗೂ ಆಗ್ಲಿಲ್ಲ. ಮೊದಲ ಮೂರು ತಿಂಗಳು ಚೇತರಿಕೆ ಜೋರಾಗಿರತ್ತೆ ಅಂತಾರೆ, ಹಾಗಂತ ಆಮೇಲೆ ನಿಂತೇಹೋಗತ್ತೆ ಅಂತಲ್ಲ, ವರ್ಷ ಕಳೆದ್ಮೇಲೂ ಹೊಸ ಪದ ಬರೋದುಂಟು.

ಇನ್ನೊಂದು, ಮೂಲೇಲಿ ಕೂರಬೇಡಿ. ಅಲ್ಲಿ ಸರ್ಕಾರದ ದುಡ್ಡು ಪಡೆಯೋ ಆಸ್ಪತ್ರೆಗಳು ಇಂಗ್ಲಿಷ್ ಬಾರದೋರಿಗೆ ಇಂಟರ್‌ಪ್ರಿಟರ್‌ನ ಫ್ರೀಯಾಗೇ ಕೊಡ್ಬೇಕು, ಅದು ಕಾನೂನು, ಫೋನಲ್ಲಾದ್ರೂ ಕನ್ನಡದವ್ರನ್ನ ಹಿಡ್ಕೊಡಿ ಅಂತ ಅಪಾಯಿಂಟ್‌ಮೆಂಟ್ ಮಾಡುವಾಗ್ಲೇ ಮಗಳು ಕೇಳ್ಲಿ. ಅವಳಿಗೂ ಹಸಿ ಬಾಣಂತಿ ಮೈ, ಎಲ್ಲಾನೂ ಅವಳೇ ಅನುವಾದ ಮಾಡ್ತಾ ಕೂತ್ರೆ ಹೇಗೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ವಾಕ್ ಶ್ರವಣ ಸಂಸ್ಥೆ 1965ರಿಂದ ಮಾತು, ಕಿವಿ ತೊಂದ್ರೆ ಇರೋರಿಗೋಸ್ಕರಾನೇ ಕೆಲ್ಸ ಮಾಡ್ತಿದೆ, ಕನ್ನಡದಲ್ಲೇ ಥೆರಪಿ ಕೊಡೋರು ಅಲ್ಲಿದಾರೆ, ಊರಿಗೆ ಬಂದ್ಮೇಲೆ ಅಲ್ಲಿಗೆ ಹೋಗಿ, ಅದಕ್ಕೂ ಮುಂಚೆ ವಿಡಿಯೋ ಕಾಲಲ್ಲಿ ಆಗತ್ತಾ ಅಂತ ಈಗ್ಲೇ ವಿಚಾರಿಸ್ಕೊಳಿ.

ವೀಸಾ ವಿಷ್ಯ ನೀವು ಬರ್ದಿಲ್ಲ, ಆದ್ರೂ ಹೇಳ್ತೀನಿ. ಪಾಸ್‌ಪೋರ್ಟಲ್ಲಿರೋ ವೀಸಾ ಹತ್ತು ವರ್ಷದ್ದಾದ್ರೂ ಲೆಕ್ಕಕ್ಕೆ ಬರೋದು ಐ-94ರಲ್ಲಿ, ಅಂದ್ರೆ ಅಮೆರಿಕಕ್ಕೆ ಬಂದಿಳಿದಾಗ ಆಗೋ ಪ್ರವೇಶದ ದಾಖಲೇಲಿ, ಎಷ್ಟು ದಿನ ಇರಬಹುದು ಅಂತ ಕೊಟ್ಟಿರೋ ತಾರೀಕು, ಅದು ಸಾಮಾನ್ಯವಾಗಿ ಆರು ತಿಂಗಳು. ಅದು ಮುಗಿಯೋದ್ರೊಳಗೆ ಇನ್ನಷ್ಟು ದಿನ ಇರೋಕೆ ಅನುಮತಿ ಕೇಳೋ ಐ-539 ಅರ್ಜಿ ಹಾಕ್ಬೇಕು, ಫ್ಲೈಟ್ ಬೇಡ ಅಂದ ಡಾಕ್ಟ್ರ ಹತ್ರ ಅದನ್ನೇ ಪತ್ರದಲ್ಲಿ ಬರ್ಸಿ ಜೊತೆಗಿಡಿ. 45 ದಿನ ಮುಂಚೇನೇ ಹಾಕಿ ಅಂತ ಅಲ್ಲಿಯವ್ರೇ ಹೇಳ್ತಾರೆ, ನಿಮಗೆ ಅಷ್ಟು ದಿನ ಇದ್ಯೋ ಇಲ್ವೋ, ಇವತ್ತೇ ಅಳಿಯನಿಗೆ ಹೇಳಿ.

ಅಂಬಲಿ ವಿಷ್ಯಕ್ಕೆ ಬಂದ್ರೆ, ಕೇಳ್ದೆ ಕೊಡಬೇಡಿ. ಸ್ಟ್ರೋಕ್ ಆದೋರಿಗೆ ನುಂಗೋದೂ ಕಷ್ಟ ಆಗಿರಬಹುದು, ತೆಳ್ಳಗಿದ್ರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗೋ ಭಯ ಇರತ್ತೆ. ಅಲ್ಲಿಯವ್ರಿಗೆ ಅಂಬಲಿ ಅಂದ್ರೆ ಏನಂತ ಗೊತ್ತಿರಲ್ಲ, ಡಬ್ಬೀಲಿ ಹಾಕ್ಕೊಂಡು ಹೋಗಿ ಸ್ಪೂನಲ್ಲಿ ಎತ್ತಿ ತೋರ್ಸಿ, ಎಷ್ಟು ಗಟ್ಟಿ ಇರ್ಬೇಕು ಅಂತ ಅವ್ರೇ ನೋಡಿ ಹೇಳ್ತಾರೆ. ಉಪ್ಪು ಕಮ್ಮಿ ಹಾಕಿ.